ರಕ್ತದಮ್ಮ

“ಅಕ್ಕ ತೀರೋಗ್ಬುಟ್ಲು ಸಾ. ಮೂರೇ ದಿನದ ಜರ” ಎಂದು ರಕ್ತದಮ್ಮನ ತಮ್ಮ ಫೋನಿನಲ್ಲಿ ಹೇಳಿದ ದಿನ ನಾನು ಪಾಠ ಮಾಡುವ ಕಾಲೇಜಿಗೆ ರಜೆ ಹಾಕಿ, ಅಟ್ಟದ ಮೇಲಿದ್ದ ಹಳೆಯ ದಿನಚರಿಗಳನ್ನು ಇಳಿಸಿಕೊಂಡು ಕೂತೆ. ಸತ್ತವರ ವಿಷಯದಲ್ಲಿ ನನ್ನ ನೆನಪನ್ನು ನಾನು ನಂಬುವುದಿಲ್ಲ. ಅದು ಬೇಗ ಅವರಿಗೆ ಒಳ್ಳೆಯ ಬಟ್ಟೆ ಉಡಿಸಿಬಿಡುತ್ತದೆ. ಪಕ್ಕದಲ್ಲಿ ನಿಂತ ನನಗೂ ಒಂದು ಜೊತೆ ಉಡಿಸುತ್ತದೆ. ಅವರೊಡನೆ ಕೆಲಸ ಮಾಡಿದ ಮೂರು ವರ್ಷಗಳ ಮೂರು ಪುಸ್ತಕಗಳಿದ್ದವು. ಅವುಗಳಲ್ಲಿ ಅವರ ಬಗ್ಗೆ ನಾನು ಬರೆದಿರುವುದು ಹೆಚ್ಚಿಲ್ಲ. ಇರುವುದರಲ್ಲಿ ಅರ್ಧ ದೂರುಗಳು. “ಅಕ್ಕ ಇವತ್ತೂ ನಿಧಾನ.” “ಬಸ್ಸಿನಲ್ಲಿ ಮತ್ತೆ ನಿದ್ದೆ.” “ಮೂರು ಮನೆಗೆ ಇಡೀ ದಿನ. ಇವರಿಗೆ ಚುರುಕು ಎಂಬುದೇ ಇಲ್ಲ.”

ಅಕ್ಷರ ನನ್ನದೇ.

ಅವರನ್ನು ಕುರಿತು ಬರೆಯುವಾಗ ನಾನು ಮಾಡಿದ ಒಂದು ತಪ್ಪನ್ನೂ ಬರೆಯಬೇಕು. ಅವರು ಉಳಿಯಬಹುದಿತ್ತೇ ಎಂಬ ಪ್ರಶ್ನೆ ಅದಕ್ಕೆ ಗಂಟುಬಿದ್ದಿದೆ. ಹೆಸರು ಬರೆಯುವುದಿಲ್ಲ. ಬದುಕಿದ್ದಾಗ ಅವರು ಮುಚ್ಚಿಟ್ಟುಕೊಂಡಿದ್ದನ್ನು ಹೇಳಹೊರಟಿದ್ದೇನೆ. ಹೆಸರನ್ನಾದರೂ ಅವರಿಗೇ ಬಿಡಬೇಕು.

ಆಗ ನಾನು ಮೈಸೂರಿನಲ್ಲಿ ಸಂಖ್ಯಾಶಾಸ್ತ್ರದ ಎಂಎಸ್ಸಿ ಮುಗಿಸಿ ಮಂಡ್ಯದ ಮನೆಯಲ್ಲಿ ಕೆಲಸವಿಲ್ಲದೆ ಕೂತಿದ್ದೆ. ಒಬ್ಬ ಡಾಕ್ಟರು ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲಿ ಒಂದು ಸಂಶೋಧನೆ ಶುರುಮಾಡಿದ್ದರು. ನಮ್ಮ ಕಡೆ ಕಬ್ಬಿನ ಗದ್ದೆಯಲ್ಲೂ ಭತ್ತದ ಬದುವಿನಲ್ಲೂ ಕೊಳಕುಮಂಡಲ ಕಚ್ಚುವುದು ಹೊಸದಲ್ಲ. ಕಚ್ಚಿಸಿಕೊಂಡವರು ಆಸ್ಪತ್ರೆಯಿಂದ ಬದುಕಿ ಬಂದರೆ ಮನೆಯವರು ದೇವರಿಗೆ ಕೈಮುಗಿದು ಮರೆತುಬಿಡುತ್ತಾರೆ. ಆದರೆ ಆ ವಿಷ ಕಾಲಿನಲ್ಲೇ ನಿಲ್ಲುವುದಿಲ್ಲ. ಮೂತ್ರಪಿಂಡವನ್ನು ಕೆಡಿಸಬಹುದು. ಮೆದುಳಿನ ಬುಡದಲ್ಲಿ ಕಡಲೆಕಾಳಿನಷ್ಟು ದೊಡ್ಡದೊಂದು ಗ್ರಂಥಿಯಿದೆ, ಪಿಟ್ಯುಟರಿ ಎಂದು. ಕೆಲವರಲ್ಲಿ ಅದನ್ನೂ ಒಣಗಿಸುತ್ತದೆ. ಮೈಯ ಬೇರೆ ಗ್ರಂಥಿಗಳಿಗೆ ಅಪ್ಪಣೆ ಹೋಗುವುದು ಅಲ್ಲಿಂದ. ಅದು ಸೊರಗಿದರೆ ಮನುಷ್ಯ ಕೂಡಲೇ ಸಾಯುವುದಿಲ್ಲ. ವರ್ಷಗಟ್ಟಲೆ ಸುಸ್ತು, ಚಳಿ, ಉದುರುವ ಹುಬ್ಬು, ಹೆಂಗಸರಾದರೆ ನಿಂತುಹೋಗುವ ಮುಟ್ಟು. ಆಮೇಲೆ ಎಂದೋ ಒಂದು ಸಾಧಾರಣ ಜ್ವರ ಬಂದಾಗ ಅದನ್ನು ತಡೆದುಕೊಳ್ಳುವ ಶಕ್ತಿ ಮೈಗೆ ಇರುವುದಿಲ್ಲ. ಹಾವು ಕಚ್ಚಿ ಉಳಿದವರಲ್ಲಿ ಎಷ್ಟು ಜನರಿಗೆ ಹೀಗಾಗಿದೆ ಎಂದು ವರ್ಷಕ್ಕೊಂದು ಸಲದಂತೆ ಮೂರು ವರ್ಷ ರಕ್ತ ತೆಗೆದು ನೋಡುವುದು ನಮ್ಮ ಕೆಲಸ. ಪ್ರಶ್ನೆ ಕೇಳಿ ಫಾರಂ ತುಂಬುವವನು, ಅಂಕಿಗಳನ್ನು ಕಂಪ್ಯೂಟರಿಗೆ ಏರಿಸುವವನು ನಾನು. ರಕ್ತ ತೆಗೆಯುವವರು ಅವರು. ಆಗ ಅವರಿಗೆ ಮೂವತ್ತಾರೋ ಮೂವತ್ತೇಳೋ ಇರಬೇಕು. ಮಳವಳ್ಳಿಯಾಚೆ ಬ್ಲಫ್ ಎಂಬಲ್ಲಿನ ವಿದ್ಯುತ್ ಕೇಂದ್ರದಲ್ಲಿ ಕೆಲಸಕ್ಕಿದ್ದ ತಮ್ಮನ ಮನೆಯಲ್ಲಿದ್ದುಕೊಂಡು ಬಸ್ಸಿನಲ್ಲಿ ಓಡಾಡುತ್ತಿದ್ದರು.

ಊರುಗಳಲ್ಲಿ ಅವರಿಗೆ ರಕ್ತದಮ್ಮ ಎಂದೇ ಹೆಸರಾಯಿತು. ಜಗಲಿಯ ಮೇಲೆ ಕೂತ ಗಂಡಸರು, “ರಕ್ತದಮ್ಮ ಬಂದ್ಲು, ಬಾಗ್ಲಾಕ್ಕೊಳ್ರಲೇ” ಎಂದು ಕೂಗುತ್ತಿದ್ದರು. ಅವರು ಅಲ್ಲೇ ನಿಂತು, “ನಿಂದು ಬ್ಯಾಡ ಕಣ್ಲಾ, ನಿನ್ ಮೈಯಾಗೆ ರಕ್ತ ಎಲ್ಲದೆ? ಬರೀ ಟೀ ಅದೆ” ಎನ್ನುತ್ತಿದ್ದರು. ಸೂಜಿ ಚುಚ್ಚುವ ಮುಂಚೆ ಇರುವೆ ಕಚ್ಚಿದ ಹಾಗೆ ಎಂದು ಎಲ್ಲರೂ ಹೇಳುತ್ತಾರಲ್ಲ, ಅದನ್ನು ಅವರು ಹೇಳುತ್ತಿರಲಿಲ್ಲ. “ನೋಯ್ತದೆ ಕಣವ್ವ. ಬೈಯೋದಿದ್ರೆ ಈಗ್ಲೇ ಬೈದ್ಬುಡು, ಆಮೇಕೆ ಕೈ ಅಲ್ಲಾಡಿಸ್ಬ್ಯಾಡ” ಎಂದು ಮೊಣಕೈಯ ಒಳಮಡಿಕೆಯನ್ನು ಎರಡು ಬೆರಳಲ್ಲಿ ತಟ್ಟುತ್ತ ನರ ಹುಡುಕುವರು. ಸಿಗದಿದ್ದರೆ ನರದ ಜೊತೆಗೇ ಮಾತು: “ಎಲ್ಲೋಗ್ಬುಟ್ಟೆ? ಬಾ ಮಗ ಆಚ್ಗೆ.” ಅವರು ಯಾರಿಗೂ ಎರಡನೇ ಸಲ ಚುಚ್ಚಿದ್ದು ನನಗೆ ನೆನಪಿಲ್ಲ. ಇದು ನಿಜವಿರಲಾರದು. ಮೂರು ವರ್ಷದಲ್ಲಿ ಒಮ್ಮೆಯಾದರೂ ಕೈ ತಪ್ಪಿರಲೇಬೇಕು.

ರಕ್ತ ತೆಗೆಯುವ ಮುಂಚೆ ಒಪ್ಪಿಗೆ ಪತ್ರವನ್ನು ಓದಿ ಹೇಳಬೇಕಿತ್ತು. “ದೂರದ ಅಂಗಾಂಗಗಳ ಮೇಲೆ ವಿಷದ ದೀರ್ಘಕಾಲೀನ ಪರಿಣಾಮ” ಎಂದು ನಾನು ಓದತೊಡಗಿದರೆ ಜನ ಕೊಟ್ಟಿಗೆಯ ಕಡೆ ನೋಡುತ್ತಿದ್ದರು. ಅವರು ನನ್ನ ಕೈಯಿಂದ ಹಾಳೆ ತೆಗೆದು ಮಡಿಲಿಗಿಟ್ಟುಕೊಳ್ಳುವರು.

“ನಾಲೇಲಿ ನೀರ್ ಬುಟ್ರೆ ಮೊದಲ್ನೇ ಗದ್ದೇಲೇ ನಿಂತ್ಕೋತದಾ?”

“ಎಲ್ ನಿಂತ್ಕೋತದೆ, ಕೊನೇ ಗದ್ದೆ ತಂಕ ಓಯ್ತದೆ.”

“ನಂಜೂ ಅಂಗೆಯ. ಕಾಲ್ನಾಗೆ ಬುಟ್ಟಿದ್ದು ಕೊನೇ ಗದ್ದೇಲಿ ಏನ್ ಮಾಡ್ಯದೆ ಅಂತ ನೋಡಾಕ್ ಬಂದಿವ್ನಿ.”

ಇಷ್ಟು ಸಾಕಾಗುತ್ತಿತ್ತು. ಹಾವು ಎಂಬ ಮಾತನ್ನು ಅವರು ಆಡುತ್ತಿರಲಿಲ್ಲ. ನಮ್ಮ ಹಳ್ಳಿಗಳಲ್ಲಿ ಕಚ್ಚಿಸಿಕೊಂಡವರ ಮನೆಯಲ್ಲಿ ಯಾರೂ ಆಡುವುದಿಲ್ಲ. ಹುಳ ಮುಟ್ಟಿತು ಎನ್ನುತ್ತಾರೆ. ಮಂಡ್ಯದವನಾದರೂ ನಾನು ಫಾರಮ್ಮಿನಲ್ಲಿದ್ದ ಹಾಗೆಯೇ ಕೇಳಿ ಮೊದಲ ವಾರವೆಲ್ಲ ಬೈಸಿಕೊಂಡೆ.

ಪೂರಿಗಾಲಿಯಲ್ಲಿ ಒಬ್ಬ ತಾತನಿದ್ದ. ಕಬ್ಬು ಕಡಿಯುವಾಗ ಕಚ್ಚಿಸಿಕೊಂಡು, ಆಸ್ಪತ್ರೆಯಲ್ಲಿ ವಾರವಿದ್ದು ಗಟ್ಟಿಯಾಗಿ ಎದ್ದು ಬಂದವನು. ಮೊದಲ ವರ್ಷ ಅವನನ್ನು ಒಪ್ಪಿಸಲು ಎರಡು ಸಲ ಹೋದೆವು.

“ನಾನ್ ಆ ಹುಳಕ್ಕೇ ಎದ್ರಲಿಲ್ಲ ಕಣಮ್ಮ, ನಿನ್ ಸೂಜಿ ನೋಡುದ್ರೆ ಉಚ್ಚೆ ಬತ್ತದೆ” ಅಂದ.

“ಒಳ್ಳೇದಾಯ್ತು ಬುಡು ತಾತ. ಅದೂ ಒಂದ್ ಡಬ್ಬಿ ಬೇಕು ನಮ್ಗೆ” ಅಂದರು.

ತಾತ ನಗುತ್ತ ಕೈ ಚಾಚಿದ. ಆ ವರ್ಷವೂ ಮರುವರ್ಷವೂ ಅವನ ರಕ್ತದಲ್ಲಿ ಎಲ್ಲವೂ ಸರಿಯಾಗಿತ್ತು.

ಇನ್ನು ಅವರ ನಿಧಾನ. ಏಪ್ರಿಲ್ ತಿಂಗಳ ಬಿಸಿಲಲ್ಲೂ ಕಂದು ಬಣ್ಣದ ಸ್ವೆಟರ್ ಹಾಕುತ್ತಿದ್ದರು. ಬಸ್ ಸ್ಟ್ಯಾಂಡಿನಲ್ಲಿ ಟೀ ತೆಗೆದುಕೊಂಡರೆ ಕುಡಿಯುವುದಕ್ಕಿಂತ ಬಿಸಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿರುವುದೇ ಹೆಚ್ಚು. ಮಳವಳ್ಳಿಯಲ್ಲಿ ಬಸ್ಸು ಹತ್ತಿ ಕೂತರೆ ಮದ್ದೂರಿನವರೆಗೂ ನಿದ್ದೆ. ನಾಲ್ಕು ಮೆಟ್ಟಿಲು ಹತ್ತಿದರೆ ಗೋಡೆ ಹಿಡಿದು ನಿಲ್ಲುವರು. ಮೈಬಣ್ಣ ಬಿಳುಚು. “ನೆಳ್ಳಾಗಿರೋರು, ನಮ್ಮಂಗೆ ಕರ್ರಗಾಯ್ತಾರಾ” ಎಂದು ಹೆಂಗಸರು ಹೊಟ್ಟೆಕಿಚ್ಚಿನಿಂದ ಹೇಳುತ್ತಿದ್ದುದುಂಟು. ಹುಬ್ಬನ್ನು ಪೆನ್ಸಿಲ್ಲಿನಲ್ಲಿ ಬರೆದುಕೊಳ್ಳುತ್ತಿದ್ದರು. ಅದನ್ನು ನಾನು ಶೋಕಿ ಅಂದುಕೊಂಡೆ. ಹಾಗೆಂದು ದಿನಚರಿಯಲ್ಲೂ ಇದೆ.

ನನ್ನ ಕೈಯಲ್ಲಿದ್ದ ಫಾರಮ್ಮಿನ ಎರಡನೆಯ ಪುಟದಲ್ಲಿ ಇದೇ ಲಕ್ಷಣಗಳ ಪಟ್ಟಿಯಿತ್ತು. ಮನೆಮನೆಗೆ ಹೋಗಿ ಅದನ್ನು ಗಟ್ಟಿಯಾಗಿ ಓದಿ, ಹೌದು ಎಂದರೆ ಒಂದು, ಇಲ್ಲ ಎಂದರೆ ಸೊನ್ನೆ ಬರೆಯುತ್ತಿದ್ದೆ. ಪಕ್ಕದಲ್ಲಿ ಅವರು ಸೀಸೆಗೆ ಚೀಟಿ ಅಂಟಿಸುತ್ತ ಕೂತಿರುತ್ತಿದ್ದರು. ನನಗೆ ನಿಜವಾಗಿಯೂ ಕಾಣಲಿಲ್ಲವೇ? ಕಂಡು, ಕೇಳಿದರೆ ತಾಪತ್ರಯವೆಂದು ಸುಮ್ಮನಾದೆನೇ? ಕಾಣಲಿಲ್ಲ ಎಂದು ನೆನಪು ಹೇಳುತ್ತದೆ. ನೆನಪಿಗೆ ಅದರಿಂದ ಲಾಭವಿದೆ.

ಮೊದಲ ದಿನದ ತರಬೇತಿಯ ಬಗ್ಗೆ ಬರೆದ ಪುಟದಲ್ಲಿ ಒಂದು ಸಾಲು ಸಿಕ್ಕಿತು. ಡಾಕ್ಟರು ಲಕ್ಷಣಗಳನ್ನೆಲ್ಲ ವಿವರಿಸಿದ ಮೇಲೆ, ‘ರಕ್ತ ತೆಗೆಯುವ ಅಕ್ಕ ಮಾತ್ರ ಒಂದು ಪ್ರಶ್ನೆ ಕೇಳಿದರು: ಕಚ್ಚಿ ಎಷ್ಟು ವರ್ಷ ಆದಮೇಲೂ ಇದು ಇರುತ್ತಾ?’ ಎಷ್ಟು ವರ್ಷವಾದರೂ ಇರಬಹುದು ಎಂದು ಡಾಕ್ಟರು ಉತ್ತರ ಕೊಟ್ಟದ್ದೂ ಇದೆ.

ಎರಡನೆಯ ವರ್ಷ, ಬಸ್ಸಿಗೆ ಕಾಯುವಾಗ, ಒಬ್ಬ ಹೆಂಗಸಿನ ವಿಷಯ ತೆಗೆದರು. ಜನರೆದುರಿಗೂ ಫೋನಿನಲ್ಲೂ ನನ್ನನ್ನು ಸಾ ಎನ್ನುತ್ತಿದ್ದವರು ಇಬ್ಬರೇ ಇದ್ದಾಗ ಕಣಪ್ಪ ಎನ್ನುತ್ತಿದ್ದರು.

“ನಮ್ ಕಡೆ ಒಬ್ಳವ್ಳೆ ಕಣಪ್ಪ. ಮದ್ವೆಯಾದ್ ವರ್ಸಕ್ಕೆ ಬದುಮ್ಯಾಲ್ ಉಲ್ ಕುಯ್ವಾಗ ಹುಳ ಮುಟ್ತು. ಬಾಯಾಗೆಲ್ಲ ರಕ್ತ. ಉಳ್ಕಂಡ್ಲು. ಆಮೇಕೆ ಮುಟ್ಟೇ ಆಗ್ಲಿಲ್ಲ. ಬಂಜೆ ಅಂತ ಕಳುಸ್ಬುಟ್ರು. ಅವಳ್ನ ಸೇರಿಸ್ಕೋಬೌದಾ?”

“ಆಸ್ಪತ್ರೆ ಚೀಟಿ ಇದೆಯಾ ಅಕ್ಕ?” ಅಂದೆ. ಯಾವ ಹಾವು ಕಚ್ಚಿತ್ತು, ಏನು ಚಿಕಿತ್ಸೆಯಾಯಿತು ಎಂದು ಆಸ್ಪತ್ರೆಯವರು ಬರೆದುಕೊಟ್ಟ ದಾಖಲೆಯಿದ್ದವರನ್ನು ಮಾತ್ರ ಅಧ್ಯಯನಕ್ಕೆ ಸೇರಿಸಿಕೊಳ್ಳಬೇಕೆಂಬುದು ನಿಯಮ.

“ಬೇರ್ ಅರ್ದು ಕುಡಿಸ್ದೋನು ಚೀಟಿ ಬರ್ಕೊಡ್ತಾನಾ?” ಎಂದು ನಕ್ಕರು.

“ಹಾಗಾದ್ರೆ ಆಗಲ್ಲ. ನಿಯಮ ನಾನ್ ಮಾಡಿದ್ದಲ್ಲ. ಅವರು ಮೈಸೂರಿಗೆ ಹೋಗಿ ತೋರಿಸಿಕೊಳ್ಳಲಿ.”

“ಓಗಿ ಏನಂತ ಏಳ್ತಾಳಪ್ಪ? ನಂಗೆ ಸುಸ್ತು ಅಂತಾಳೆ. ಶಕ್ತಿ ಮಾತ್ರೆ ಬರ್ಕೊಟ್ಟು ಕಳುಸ್ತಾರೆ. ಬೋ ಸಲ ಆಗದೆ.”

‘ಇಂದು ಮತ್ತೆ ಆ ಹೆಂಗಸಿನ ವಿಷಯ. ನಿಯಮ ಹೇಳಿದೆ’ ಎಂದು ಬರೆದಿದ್ದೇನೆ. ಮತ್ತೆ ಎಂದಿರುವುದರಿಂದ ಅದಕ್ಕೂ ಮುಂಚೆ ಒಮ್ಮೆ ಕೇಳಿದ್ದಿರಬೇಕು. ಅದು ನನಗೆ ನೆನಪೇ ಇಲ್ಲ.

ಮೂರನೆಯ ವರ್ಷದ ಕೊನೆಗೆ ಬರುತ್ತೇನೆ. ಯಾರ ರಕ್ತದಲ್ಲಾದರೂ ಅಂಕಿ ತೀರ ಕಡಿಮೆ ಬಂದರೆ ಮತ್ತೊಮ್ಮೆ ರಕ್ತ ತೆಗೆದು ನೋಡಬೇಕು. ಆಗಲೂ ಹಾಗೆಯೇ ಬಂದರೆ ಡಾಕ್ಟರು ಚೀಟಿ ಬರೆಯುವರು. ಅದನ್ನು ರಕ್ತದಮ್ಮನೇ ಆ ಮನೆಗೆ ಒಯ್ದುಕೊಟ್ಟು, ಅವರನ್ನು ಚಿಕಿತ್ಸೆಗೆ ಕರೆದುಕೊಂಡು ಹೋಗುವರು. ಇದು ನಮ್ಮ ಪದ್ಧತಿ. ಕೊನೆಯ ಕಂತಿನ ಅಂಕಿಗಳು ಬಂದಾಗ ಪೂರಿಗಾಲಿ ತಾತನ ಸಾಲು ನೋಡಿ ನನಗೆ ಆಶ್ಚರ್ಯವಾಯಿತು. ಜ್ವರ, ಗಾಯಗಳನ್ನು ತಡೆದುಕೊಳ್ಳಲು ಮೈಗೆ ಬೇಕಾದ ಕಾರ್ಟಿಸಾಲ್ ಇಲ್ಲವೆನ್ನುವಷ್ಟು ಕಡಿಮೆ. ಥೈರಾಯ್ಡಿನದೂ ಕೆಳಗೆ. ಹಿಂದಿನ ಎರಡು ವರ್ಷ ಗುಂಡುಕಲ್ಲಿನ ಹಾಗಿದ್ದ ಮನುಷ್ಯನಿಗೆ ಇದ್ದಕ್ಕಿದ್ದಂತೆ ಹೀಗಾಗುವುದಿಲ್ಲ. ಇದು ತಾತನ ರಕ್ತವಲ್ಲ, ಸೀಸೆ ಅದಲುಬದಲಾಗಿದೆ ಎಂದು ತೀರ್ಮಾನಿಸಿದೆ. ವರದಿ ಕಳಿಸಲು ಉಳಿದಿದ್ದು ನಾಲ್ಕು ದಿನ.

ಅವರಿಗೆ ಫೋನು ಮಾಡಿದೆ. “ಅಕ್ಕ, ಪೂರಿಗಾಲಿ ತಾತನ ಸೀಸೆ ಬೇರೆಯವರದರ ಜೊತೆ ಅದಲುಬದಲಾಯ್ತಾ?”

“ಯಾಕ್ ಸಾ? ಏನ್ ಬಂದದೆ?”

“ಅಂಕಿ ಸರಿಯಿಲ್ಲ. ಲ್ಯಾಬಿನವರದೂ ತಪ್ಪಿರಬಹುದು.”

“ಅದಲುಬದಲಾಗಿಲ್ಲ ಸಾ. ನಾನೇ ಅಂಟ್ಸಿವ್ನಿ” ಅಂದರು. ತಮ್ಮ ಕೆಲಸವನ್ನು ಬಿಟ್ಟುಕೊಡದೆ ಮಾತಾಡುತ್ತಿದ್ದಾರೆ ಅಂದುಕೊಂಡೆ. ದಿನಚರಿಯಲ್ಲಿ ಆ ದಿನ ಹೀಗಿದೆ: ‘ಅಕ್ಕನನ್ನು ಕೇಳಿದೆ. ಇಲ್ಲ ಅಂದರು. ಆದರೂ ಆ ಸಾಲನ್ನು ಕೈಬಿಟ್ಟೆ.’

ಅಧ್ಯಯನ ಮುಗಿದ ಮೇಲೆ ಮದ್ದೂರಿನ ಬಸ್ ಸ್ಟ್ಯಾಂಡಿನಲ್ಲಿ ಒಟ್ಟಿಗೆ ಟೀ ಕುಡಿದೆವು. “ಎಲ್ಲಾ ಬರ್ದಾಯ್ತೇನಪ್ಪ?” ಎಂದು ಕೇಳಿದರು. ಆಯಿತು ಅಂದೆ. “ಯಾರ್ಗೂ ಚೀಟಿ ಕೊಡಾದು ಉಳ್ದಿಲ್ವಾ?” ಇಲ್ಲ ಅಂದೆ. ತಲೆಯಾಡಿಸಿದರು. “ಅಂಗಾರೆ ಒಳ್ಳೇದೇ ಬುಡು” ಎಂದು ಲೋಟ ಕೆಳಗಿಟ್ಟು ಮಳವಳ್ಳಿ ಬಸ್ಸು ಹತ್ತಿದರು. ಕಿಟಕಿಯಿಂದ ಕೈಬೀಸಿದರೋ ಇಲ್ಲವೋ ಹೇಳಲಾರೆ. ಆಮೇಲಿನ ಎರಡು ವರ್ಷ ಹಬ್ಬಕ್ಕೆ ಒಂದೊಂದು ಫೋನು, ಅಷ್ಟೆ.

ಹನ್ನೊಂದನೇ ದಿನದ ಕಾರ್ಯಕ್ಕೆ ಬ್ಲಫ್‌ಗೆ ಹೋದೆ. ಅವರ ತಮ್ಮ ಕ್ವಾರ್ಟರ್ಸಿನ ಮುಂದೆ ಹಾಕಿದ್ದ ಶಾಮಿಯಾನದ ಕೆಳಗೆ ನನ್ನನ್ನು ಕೂರಿಸಿ ಅಕ್ಕನ ಕಥೆ ಹೇಳಿದರು. ಮದುವೆಯಾದ ವರ್ಷಕ್ಕೆ ಬದುವಿನ ಮೇಲೆ ಹುಲ್ಲು ಕೊಯ್ಯುವಾಗ ಹುಳ ಮುಟ್ಟಿದ್ದು, ಬೇರು ಅರೆದು ಕುಡಿಸಿದ್ದು, ಗಂಡನ ಮನೆಯಿಂದ ಕಳಿಸಿದ ಮೇಲೆ ತಾವೇ ಮಂಡ್ಯದಲ್ಲಿ ಲ್ಯಾಬಿನ ಕೋರ್ಸಿಗೆ ಸೇರಿಸಿದ್ದು. ಅವರ ಮಾತು ಮುಗಿಯುವ ಮುಂಚೆಯೇ ಬಸ್ಸಿಗೆ ಕಾಯುತ್ತ ಕೇಳಿದ್ದ ಕಥೆ ಇದೇ ಎಂದು ತಿಳಿಯಿತು. ಆ ಹೆಂಗಸು ಅಕ್ಕನೇ.

ಅಷ್ಟರಲ್ಲಿ ಪೂರಿಗಾಲಿ ತಾತ ನನ್ನ ಪಕ್ಕದ ಕುರ್ಚಿಗೆ ಬಂದು ಕೂತ. ಬಸ್ಸು ಬದಲಿಸಿಕೊಂಡು ಒಬ್ಬನೇ ಬಂದಿದ್ದ. ಮುದುಕನಾಗಿದ್ದ, ಗಟ್ಟಿಯಾಗೇ ಇದ್ದ.

“ಎಂಥ ಎಣ್ಮಗಳು ಸಾ” ಅಂದ. “ಕೊನೇ ವರ್ಸ ನೀವ್ ಪಕ್ಕದ್ ಮನೇಲಿ ಬರ್ಕೋತಾ ಕುಂತಿದ್ದಾಗ ನಾನು ಸೂಜಿ ಬ್ಯಾಡ ಅಂತ ಅಟ ಮಾಡ್ದೆ. ಗದ್ರುಸ್ತಾಳೆ ಅಂದ್ಕಂಡ್ರೆ, ಬುಡು ತಾತ, ನಿನ್ ಪಾಲಿಂದೂ ನಾನೇ ಕೊಡ್ತೀನಿ ಅಂದ್ಬುಟ್ಟು, ನನ್ ಜಗಲಿ ಮ್ಯಾಲ್ ಕುಂತ್ಕಂಡು ತನ್ ಕೈಗೇ ಚುಚ್ಕಂಡ್ಲು. ನನ್ ಸೀಸೆಗ್ ತುಂಬ್ಸುದ್ಲು. ಯಾರ್ಗೂ ಏಳ್ಬ್ಯಾಡ ಅಂದಿದ್ಲು. ಈಗಿನ್ನೇನು.”

ಪುಣ್ಯದ ಕೆಲಸವೆಂಬಂತೆ ಅವನು ಅದನ್ನು ಸುತ್ತ ಕೂತವರಿಗೂ ಹೇಳಿದ. ಅವರೆಲ್ಲ ಹೌದೌದು ಎಂದರು.

ಆ ರಕ್ತ ತಾತನದಲ್ಲ ಎಂದು ನಾನು ಲೆಕ್ಕ ಹಾಕಿದ್ದು ಸರಿಯಾಗಿತ್ತು. ಹಾಗಾದರೆ ಯಾರದು ಎಂದು ಕೇಳಬೇಕಿತ್ತು. ಇಷ್ಟು ಕಡಿಮೆ ಕಾರ್ಟಿಸಾಲ್ ಇಟ್ಟುಕೊಂಡು ಒಬ್ಬರು ಎಲ್ಲೋ ಓಡಾಡುತ್ತಿದ್ದಾರೆ, ಅವರನ್ನು ಹುಡುಕಬೇಕು ಎಂದು ನನಗೆ ಹೊಳೆಯಲಿಲ್ಲ. ಅಂಕಿ ಎಷ್ಟೆಂದು ಫೋನಿನಲ್ಲಿ ಹೇಳಿದ್ದರೆ ಅವರು ನಿಜ ಹೇಳುತ್ತಿದ್ದರೇ? ಹೇಳುತ್ತಿದ್ದರು ಎಂದು ಒಂದು ದಿನ ಅನ್ನಿಸುತ್ತದೆ. ಕೆಲಸ ಹೋಗುತ್ತದೆಂದು ಹೆದರಿ ಸುಮ್ಮನಿರುತ್ತಿದ್ದರು ಎಂದು ಮಾರನೇ ದಿನ. ಮತ್ತೊಮ್ಮೆ ರಕ್ತ ಕೇಳಿದ್ದರೆ ತಾತನೇ ಕೈ ಚಾಚಿ, ಅಂಕಿ ಸರಿಬಂದು, ನನ್ನ ತೀರ್ಮಾನ ಇನ್ನೂ ಗಟ್ಟಿಯಾಗುತ್ತಿತ್ತೋ ಏನೋ. ಈ ಸಾಧ್ಯತೆಯನ್ನು ನಾನು ಬಹಳ ಸಲ ಆಡಿಸಿ ನೋಡಿದ್ದೇನೆ. ಅದು ನನಗೆ ಬೇಕಾದ ಉತ್ತರ ಎಂಬುದೇ ಅದರ ಮೇಲಿನ ಅನುಮಾನ. ಅವರಂತೂ ಚೀಟಿಗಾಗಿ ಕಾದರು. ತಮ್ಮ ಕೈಗೇ ಬರಬೇಕಾದ ಚೀಟಿ. ಬರಲಿಲ್ಲವಾದ್ದರಿಂದ ತಮಗೆ ಏನೂ ಆಗಿಲ್ಲ ಎಂದು ನಂಬಿದರು. ಅವರು ಹಾಗೆ ನಂಬಿದ್ದು ನಮ್ಮ ಪದ್ಧತಿಯನ್ನು.

ಮಂಡ್ಯಕ್ಕೆ ಬಂದು ಹಳೆಯ ಫೈಲು ತೆಗೆದೆ. ಮೂಲ ಪಟ್ಟಿಯಲ್ಲಿ ಆ ಸಾಲು ಹಾಗೇ ಇತ್ತು. ಡಾಕ್ಟರಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅಂಕಿ ಓದು ಅಂದರು. ಓದಿದೆ. “ಇಷ್ಟು ಕಡಿಮೆಯಿದ್ದು ಅವರು ಎದ್ದು ಕೂರುತ್ತಿದ್ದುದೇ ಹೆಚ್ಚು. ದಿನಕ್ಕೆ ಮೂರು ಮನೆ ಹೇಗೆ ಮಾಡಿದರೋ” ಅಂದರು. ನನ್ನನ್ನು ಬೈಯಲಿಲ್ಲ. ಆ ಪಟ್ಟಿಗೆ ನಾನೂ ಸಹಿ ಹಾಕಿದ್ದೇನೆ ಅಂದರು.

ಆ ಭಾನುವಾರ ಮತ್ತೆ ಬ್ಲಫ್‌ಗೆ ಹೋದೆ. ಹೇಳದೆ ಇರಬಹುದಿತ್ತು. ಹೇಳಿ ನಾನು ಹಗುರಾಗಲು ಹೊರಟಿದ್ದೇನೆಯೇ ಎಂಬ ಅನುಮಾನದಿಂದ ಮಳವಳ್ಳಿಯಲ್ಲಿ ಒಂದು ಬಸ್ಸು ಬಿಟ್ಟು ಇನ್ನೊಂದು ಹತ್ತಿದೆ. ಅವರ ತಮ್ಮ ಬನಿಯನ್ನಿನಲ್ಲಿ ಬಾಗಿಲ ಬಳಿ ಕೂತು ಪೇಪರು ಓದುತ್ತಿದ್ದರು. ತಾತನ ಸೀಸೆಯಲ್ಲಿದ್ದುದು ಯಾರ ರಕ್ತ, ಅದರಲ್ಲಿ ಏನಿತ್ತು, ನಾನು ಏನು ಮಾಡಿದೆ ಎಂಬುದನ್ನು ಇದ್ದ ಹಾಗೆ ಹೇಳಿದೆ. ಆಮೇಲೆ ಅವರು ಕೇಳಿದ್ದನ್ನೂ ನಾನು ಹೇಳಿದ್ದನ್ನೂ ವಾಪಸು ಬರುವಾಗ ಬಸ್ಸಿನಲ್ಲೇ ಬರೆದುಕೊಂಡೆ. ಇಲ್ಲಿ ಒಂದು ಮಾತೂ ಬದಲಿಸಿಲ್ಲ.

“ಆಗ್ಲೇ ಗೊತ್ತಾಗಿದ್ರೆ ಏನ್ ಮಾಡೋರು ಸಾ? ಆಪರೇಸನ್ನಾ?”

“ಇಲ್ಲ. ಮಾತ್ರೆ.”

“ಬೆಂಗ್ಳೂರಿಂದ ತರಿಸ್ಬೇಕಾಗಿತ್ತಾ?”

“ಮಳವಳ್ಳಿಯಲ್ಲೇ ಸಿಗುತ್ತೆ. ಯಾವ ಮೆಡಿಕಲ್ ಸ್ಟೋರಿನಲ್ಲಾದರೂ.”

“ದಿನಕ್ಕೆಷ್ಟು?”

“ಎರಡು. ಜ್ವರ ಬಂದಾಗ ಸ್ವಲ್ಪ ಜಾಸ್ತಿ.”

“ಅಷ್ಟೇಯಾ?”

“ಅಷ್ಟೇ.”

ಒಳಗಿನಿಂದ ಅವರ ಹೆಂಡತಿ ನನಗೆ ಕಾಫಿ ತಂದರು. ಅವರು ಕೈ ಅಡ್ಡ ಹಿಡಿದು, “ಬ್ಯಾಡ, ಒಳೀಕ್ ತಕೊಂಡೋಗು” ಅಂದರು. ನನ್ನ ಮುಖ ನೋಡದೆ, “ನೀವ್ ಒಂಟೋಗಿ ಸಾ” ಅಂದರು.